ಟೆಕ್ನಾಲಜಿ ಅಂದ್ರೆ ಬರೀ ಕಂಪ್ಯೂಟರ್ರಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತಂತ್ರಜ್ಞಾನದ ಬಗ್ಗೆ ಮಾತಾಡ್ತೀನಿ ಅಂತ ಗೊತ್ತಾದ ತಕ್ಷಣ ಜನ ಮೊದಲು ಕೇಳೋದು ಯಾವ ಫೋನ್ ತಗೊಳ್ಲಿ ಅಂತ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ದಾರ, ಪೈಪು, ಬೀಜ, ಪೆನ್ಸಿಲ್ಲು ಅಂತ ಶುರು ಮಾಡಿದ್ರೆ ಮಾತ್ರ ನನ್ನ ನಿಲ್ಸೋದು ಕಷ್ಟ. ವರ್ಷಗಳಿಂದ ಮಾತಲ್ಲಿ, ಪತ್ರಗಳಲ್ಲಿ ತಿರುಗಿ ತಿರುಗಿ ಬಂದ ಪ್ರಶ್ನೆಗಳನ್ನ ಕೇಳಿದವರ ಮಾತಲ್ಲೇ ಇಲ್ಲಿ ಹಾಕಿದೀನಿ. ಸುಲಭದ್ದು ಮೇಲೆ, ತಲೆ ತಿನ್ನೋದು ಕೆಳಗೆ. ಬೇಕಾದ್ದನ್ನ ಮಾತ್ರ ಓದ್ಕೊಂಡ್ರೂ ಸಾಕು.

## ಮೊದಲಿಗೆ ಬರೋ ಪ್ರಶ್ನೆಗಳು

ಟೆಕ್ನಾಲಜಿ ಅಂದ್ರೆ ಕಂಪ್ಯೂಟರ್, ಮೊಬೈಲ್, ಇಂಟರ್ನೆಟ್ ತಾನೇ? ಬೇರೆ ಏನಿದೆ?

ಅವೂ ಟೆಕ್ನಾಲಜಿನೇ, ಆದ್ರೆ ಸಾಲಲ್ಲಿ ತೀರಾ ಕೊನೇಗೆ ಬಂದು ನಿಂತವು. ಈಗ ಕೂತಿರೋ ಜಾಗದಿಂದ್ಲೇ ಒಂದ್ಸಲ ಸುತ್ತ ಕಣ್ಣಾಡಿಸಿ. ಮೈಮೇಲಿರೋ ಬಟ್ಟೆ ಯಾರೋ ನೇಯ್ದಿದ್ದು, ಗೋಡೆಗೆ ಸಿಮೆಂಟು, ಕಿಟಕಿಗೆ ಗಾಜು, ಬಾಗಿಲಿಗೆ ಕೀಲು, ಕೀಲಿಗೆ ತಿರುಪು, ಕೆಲವರ ಮೂಗಿನ ಮೇಲೆ ಕನ್ನಡಕ (ಅದು 1280ರ ದಶಕದಲ್ಲಿ ಇಟಲಿಲಿ ಶುರುವಾಗಿದ್ದು). ಇದ್ಯಾವ್ದೂ ಮರದಲ್ಲಿ ಬಿಡಲ್ಲ. ಒಂದೊಂದನ್ನೂ ಯಾರೋ ಕಂಡ್ಕೊಂಡು, ಹತ್ತು ಸಲ ಕೆಡಿಸಿ, ಸರಿಮಾಡಿ, ಇನ್ನೊಬ್ಬರಿಗೆ ಕಲಿಸಿದ್ದಕ್ಕೇ ಅದು ನಿಮ್ಮ ತನಕ ಬಂದಿರೋದು. ಪ್ಲಗ್ ಇಲ್ಲ, ಬ್ಯಾಟರಿ ಇಲ್ಲ, ಸ್ಕ್ರೀನ್ ಇಲ್ಲ ಅಂತ ಇವನ್ನ ಲೆಕ್ಕದಿಂದ ಹೊರಗಿಟ್ರೆ ಹೇಗೆ?

ಸರಿ ಒಪ್ಪಿದೆ, ಒಂದೇ ಲೈನಲ್ಲಿ ಡೆಫಿನಿಷನ್ ಕೊಡಿ ನೋಡೋಣ

ಒಂದು ಕೆಲಸ ಆಗ್ಲಿ ಅಂತ ಬೇಕಂತಲೇ ಮಾಡ್ಕೊಂಡ ವಸ್ತು ಅಥವಾ ವಿಧಾನ, ಇನ್ನೊಬ್ಬರಿಗೆ ಕಲಿಸೋಕೆ ಬರ್ಬೇಕು, ಅವರ ಕೈಯಲ್ಲೂ ಹೆಚ್ಚುಕಮ್ಮಿ ಅದೇ ಫಲ ಕೊಡ್ಬೇಕು. ಇದು ನಾನು ಇಟ್ಕೊಂಡಿರೋ ಅಳತೆ, ಪಂಡಿತರು ಇದಕ್ಕಿಂತ ಉದ್ದದ್ದು ಕೊಡ್ತಾರೆ. 'ವಿಧಾನ' ಅನ್ನೋ ಮಾತನ್ನ ಹಗುರಾಗಿ ತಗೋಬೇಡಿ, ಕೆಳಗೆ ಬರೋ ಅರ್ಧ ಜಗಳ ಅದರದ್ದೇ.

ಪೆನ್ಸಿಲ್ ಕೂಡ ಟೆಕ್ನಾಲಜಿ ಅಂತೀರಲ್ಲ, ತಮಾಷೆ ಮಾಡ್ತಿದೀರಾ?

ಇಲ್ಲ. ಚೂಪು ಮಾಡದೇ ಇರೋ, ಬಣ್ಣ ಬಳೀದೇ ಇರೋ ಒಂದು ಪೆನ್ಸಿಲ್ ತಗೊಂಡು ಅದರ ತುದೀನ ಬೆಳಕಿಗೆ ಹಿಡಿದು ನೋಡಿ. ಮರದಲ್ಲಿ ಒಂದು ಸಣ್ಣ ಗೆರೆ ಕಾಣುತ್ತೆ. ಅದು ಎರಡು ಹಲಗೆ ಸೇರಿರೋ ಜಾಗ. ಮರಕ್ಕೆ ತೂತು ಕೊರೆದು ಒಳಗೆ ಕಡ್ಡಿ ತುರುಕ್ತಾರೆ ಅಂತ ನಾನೂ ಚಿಕ್ಕವನಾಗಿದ್ದಾಗ ಅಂದ್ಕೊಂಡಿದ್ದೆ, ಹಾಗಲ್ಲ, ತೆಳ್ಳಗಿನ ಹಲಗೇಲಿ ಸಾಲಾಗಿ ಕಾಲುವೆ ಹೊಡೆದು, ಕಡ್ಡಿಗಳನ್ನ ಮಲಗಿಸಿ, ಮೇಲೊಂದು ಅಂಥದ್ದೇ ಹಲಗೆ ಅಂಟಿಸಿ, ಆಮೇಲೆ ಒಂದೊಂದೇ ಪೆನ್ಸಿಲ್ಲಾಗಿ ಸೀಳ್ತಾರೆ. ಇನ್ನು ಒಳಗಿರೋ ಕಡ್ಡಿ. ನಾವದನ್ನ 'ಲೆಡ್' ಅಂತ ಕರೆದ್ರೂ ಅದರಲ್ಲಿ ಸೀಸ ಇಲ್ಲ. 1790ರ ದಶಕದಲ್ಲಿ ಯುದ್ಧದಿಂದಾಗಿ ಫ್ರಾನ್ಸಿಗೆ ಇಂಗ್ಲೆಂಡಿನ ಒಳ್ಳೇ ಗ್ರಾಫೈಟ್ ಬರೋದು ನಿಂತೋಯ್ತು, ಆಗ ನಿಕೊಲಾ ಜಾಕ್ ಕಾಂಟೆ ಅನ್ನೋರು ಕಳಪೆ ಗ್ರಾಫೈಟನ್ನೇ ಪುಡಿ ಮಾಡಿ ಜೇಡಿಮಣ್ಣಿನ ಜೊತೆ ಕಲಸಿ ಸುಟ್ಟು ಕಡ್ಡಿ ಮಾಡಿದ್ರು, 1795ರಲ್ಲಿ ಪೇಟೆಂಟ್ ಸಿಕ್ತು. ಜೇಡಿಮಣ್ಣು ಜಾಸ್ತಿ ಹಾಕಿದ್ರೆ ಗಟ್ಟಿ, ತೆಳು ಗೆರೆ, ಕಮ್ಮಿ ಹಾಕಿದ್ರೆ ಮೆತ್ತಗೆ, ಕಪ್ಪು ಗೆರೆ. ಪೆನ್ಸಿಲ್ ಮೇಲಿರೋ ಎಚ್ಚು, ಬೀ ಅನ್ನೋ ಗುರುತು ಇವತ್ತಿಗೂ ಹೇಳೋದು ಇದನ್ನೇ. ಇಷ್ಟೆಲ್ಲಾ ತುಂಬ್ಕೊಂಡಿರೋದನ್ನ ಟೆಕ್ನಾಲಜಿ ಅಲ್ಲ ಅನ್ನೋಕೆ ನನಗಂತೂ ಬಾಯಿ ಬರಲ್ಲ.

ಹಾಗಾದ್ರೆ ಎಲ್ಲರೂ ಟೆಕ್ ಅಂದ ಕೂಡ್ಲೇ ಕಂಪ್ಯೂಟರ್ ಅನ್ಕೊಳ್ಳೋದು ಯಾಕೆ?

ಪದದ ಕಥೆ ನೋಡಿದ್ರೆ ಗೊತ್ತಾಗುತ್ತೆ. ಗ್ರೀಕರ 'ತೆಕ್ನೆ' ಅಂದ್ರೆ ಕಸುಬು, ಕೈಯ ಜಾಣ್ಮೆ. ಜರ್ಮನಿಯ ಗ್ಯೋಟಿಂಗೆನ್ನಲ್ಲಿ ಯೋಹಾನ್ ಬೆಕ್ಮನ್ ಅನ್ನೋ ಪ್ರೊಫೆಸರ್ 1777ರಲ್ಲಿ ತಂತ್ರಜ್ಞಾನ ಅನ್ನೋದನ್ನೇ ಒಂದು ಓದೋ ವಿಷಯ ಮಾಡಿ ಪುಸ್ತಕ ಬರೆದ್ರು, ಅವರ ಮನಸ್ಸಲ್ಲಿದ್ದದ್ದು ಕಸುಬುಗಳು, ಕಾರ್ಖಾನೆಗಳು. 1829ರಲ್ಲಿ ಅಮೆರಿಕದಲ್ಲಿ ಜೇಕಬ್ ಬಿಗೆಲೋ ಆ ಪದಾನ ಇಂಗ್ಲಿಷಲ್ಲಿ ಓಡಾಡೋ ಹಾಗೆ ಮಾಡಿದ್ರು. ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಹುಟ್ಟಿದ್ದು 1861ರಲ್ಲಿ, ಈಗಿನ ಕಂಪ್ಯೂಟರ್ ಚಿಪ್ಪಿಗೆ ಮೂಲವಾದ ಟ್ರಾನ್ಸಿಸ್ಟರ್ ಅನ್ನೋ ಬಿಡಿಭಾಗ ಬಂದಿದ್ದು 1947ರಲ್ಲಿ. ಅಂದ್ರೆ ಹೆಸರಲ್ಲೇ ಟೆಕ್ನಾಲಜಿ ಇರೋ ಸಂಸ್ಥೆ ಎಂಬತ್ತಕ್ಕೂ ಹೆಚ್ಚು ವರ್ಷ ಟ್ರಾನ್ಸಿಸ್ಟರ್ ಇಲ್ದೇನೇ ಟೆಕ್ನಾಲಜಿ ಪಾಠ ಹೇಳ್ಕೊಂಡು ಬಂದಿತ್ತು. ಅಮೆರಿಕದ ಚಿಪ್ ಕಂಪನಿಗಳ ಸೀಮೆಗೆ 'ಸಿಲಿಕಾನ್ ವ್ಯಾಲಿ' ಅನ್ನೋ ಹೆಸರು ಪತ್ರಿಕೇಲಿ ಅಚ್ಚಾಗಿದ್ದು 1971ರಲ್ಲಿ, ಆಮೇಲೆ ಷೇರು ಮಾರ್ಕೆಟ್ ಮಂದಿ ಚಿಪ್ ಮತ್ತೆ ಸಾಫ್ಟ್‌ವೇರ್ ಕಂಪನಿಗಳಿಗೆ 'ಟೆಕ್' ಅಂತ ಚೀಟಿ ಅಂಟಿಸಿದ್ರು, ನಾವು ಅದನ್ನೇ ನಿಘಂಟು ಅಂತ ತಿಳ್ಕೊಂಡ್ವಿ.

ಎಲ್ಲಕ್ಕಿಂತ ಹಳೇ ಟೆಕ್ನಾಲಜಿ ಯಾವ್ದು?

ಈವರೆಗೆ ಸಿಕ್ಕಿರೋದ್ರಲ್ಲಿ ಕಲ್ಲಿನ ಚೂರುಗಳು. ಕೀನ್ಯಾದ ಲೊಮೆಕ್ವಿ ಅನ್ನೋ ಕಡೆ ಸಿಕ್ಕಿದ ಕಲ್ಲಿನ ಉಪಕರಣಗಳಿಗೆ ಸುಮಾರು 33 ಲಕ್ಷ ವರ್ಷ. ನಮ್ಮ ಪ್ರಭೇದದ, ಅಂದ್ರೆ ಈಗಿನ ಥರದ ಮನುಷ್ಯರಿಗೆ ಆಗಿರೋದು ಸುಮಾರು 3 ಲಕ್ಷ ವರ್ಷ ಮಾತ್ರ, ಅಂದ್ರೆ ನಾವು ಹುಟ್ಟೋಕೆ ಮುಂಚೇನೇ ಟೆಕ್ನಾಲಜಿ ಹುಟ್ಟಿತ್ತು. ಮರ, ನಾರು, ತೊಗಲಲ್ಲಿ ಮಾಡಿದ್ದು ಇದಕ್ಕಿಂತ ಹಳೇದು ಇದ್ದಿರಬಹುದು, ಅದು ಕೊಳೆತು ಹೋಗಿರುತ್ತೆ, ಕಲ್ಲು ಉಳೀತು ಅಷ್ಟೇ. 'ಶಿಲಾಯುಗ' ಅನ್ನೋ ಹೆಸರೇ ಸ್ವಲ್ಪ ಮೋಸ ಅಂತ ನನ್ನ ಅಭಿಪ್ರಾಯ.

ಬೆಂಕಿ ಪ್ರಕೃತೀಲೇ ಇತ್ತಲ್ಲ, ಅದನ್ನ ಟೆಕ್ನಾಲಜಿ ಅಂತ ಹೇಗೆ ಹೇಳ್ತೀರಿ?

ಸಿಡಿಲು ಬಡಿದು ಕಾಡು ಹೊತ್ಕೊಂಡ್ರೆ ಅದು ಟೆಕ್ನಾಲಜಿ ಅಲ್ಲ, ಅದೇ ಕೆಂಡಾನ ಗುಹೆ ಒಳಗೆ ತಂದು ಆರದ ಹಾಗೆ ಕಾಪಾಡಿದ್ರೆ ಹೌದು. ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗುಹೇಲಿ ಬಾಯಿಂದ ಸಾಕಷ್ಟು ಒಳಗೆ ಸುಮಾರು 10 ಲಕ್ಷ ವರ್ಷ ಹಳೇ ಬೂದಿ, ಸುಟ್ಟ ಮೂಳೆ ಸಿಕ್ಕಿದೆ. ಬೆಂಕಿ ಹೊತ್ತಿಸೋದು ಕಲಿತಿದ್ದು ಇನ್ನೂ ಆಮೇಲೆ ಇರಬೇಕು.

## ದಿನಾ ಮುಟ್ಟಿದ್ರೂ ಕಣ್ಣಿಗೆ ಬೀಳದೇ ಇರೋವು

ಬಟ್ಟೆ, ದಾರ ಇವೆಲ್ಲ ಹೈಟೆಕ್ ಅಂತ ವಾದ ಮಾಡ್ತೀರಂತೆ, ಹೌದಾ?

ಹೌದು, ಮತ್ತೆ ಇದನ್ನ ನೀವೇ ಕೈಯಲ್ಲಿ ಮಾಡಿ ನೋಡ್ಬಹುದು. ಒಂದು ಚೂರು ಹತ್ತಿ ತಗೊಂಡು ಎರಡೂ ಕಡೆ ಹಿಡಿದು ಎಳೀರಿ, ಪುಸಕ್ಕಂತ ಬಿಟ್ಕೊಳ್ಳುತ್ತೆ, ಬಲಾನೇ ಬೇಡ. ಇನ್ನೊಂದು ಚೂರು ತಗೊಂಡು ಬೆರಳಲ್ಲಿ ಒಂದೇ ದಿಕ್ಕಿಗೆ ಹೊಸೀತಾ ನಿಧಾನ ಎಳೀರಿ, ಈಗ ಕಿತ್ಕೊಂಡು ಬರಲ್ಲ, ಯಾಕಂದ್ರೆ ಎಳೆದಷ್ಟೂ ನಾರುಗಳು ಒಂದನ್ನೊಂದು ಒತ್ತಿ ಹಿಡ್ಕೊಳ್ತವೆ, ಆ ಉಜ್ಜುವಿಕೇನೇ ದಾರದ ಬಲ. ಆದ್ರೆ ಕೈ ಬಿಟ್ರೆ ಹುರಿ ಬಿಚ್ಕೊಳ್ಳುತ್ತೆ. ಅದಕ್ಕೆ ಹೊಸೆದ ದಾರಾನ ಮಧ್ಯಕ್ಕೆ ಮಡಚಿ ಬಿಡಿ, ಎರಡು ಎಳೆ ತಾವಾಗೇ ಉಲ್ಟಾ ದಿಕ್ಕಿಗೆ ಸುತ್ಕೊಂಡು ಕೂರ್ತವೆ. ಒಂದರ ಬಿಚ್ಚೋ ಆತುರಾನ ಇನ್ನೊಂದು ತಡೆಯುತ್ತೆ. ಹಗ್ಗ ಅಂದ್ರೆ ಇಷ್ಟೇ, ಮತ್ತೆ ಇದನ್ನ ಯಾರು ಮೊದಲು ಕಂಡ್ರೋ ಅವರ ಹೆಸರು ಯಾವ ಪಠ್ಯಪುಸ್ತಕದಲ್ಲೂ ಇಲ್ಲ.

ಫ್ರಾನ್ಸಿನ ಆಬ್ರಿ ದು ಮಾರಾಸ್ ಅನ್ನೋ ಜಾಗದಲ್ಲಿ ಕಲ್ಲಿನ ಚೂರಿಗೆ ಅಂಟಿದ್ದ ಒಂದು ಪುಟ್ಟ ಹುರಿ ಸಿಕ್ಕಿದೆ, 40,000 ವರ್ಷಕ್ಕಿಂತ ಹಳೇದು, ಈಗ ಇಲ್ಲವಾಗಿರೋ ನಿಯಾಂಡರ್ತಾಲ್ ಅನ್ನೋ ಹಳೇ ಮಾನವರದ್ದು. ಮೂರು ಎಳೆ ಒಂದು ದಿಕ್ಕಿಗೆ ಹೊಸೆದು, ಮೂರನ್ನೂ ಸೇರಿಸಿ ಇನ್ನೊಂದು ದಿಕ್ಕಿಗೆ ಹೊಸೆದಿರೋದು, ಅಂದ್ರೆ ನೀವೀಗ ಬೆರಳಲ್ಲಿ ಮಾಡಿದ್ದರದ್ದೇ ಇನ್ನೊಂದು ರೂಪ. ಮಗ್ಗದ ಕಥೆ ಬೇರೆ ಇದೆ, 1804ರ ಜಕಾರ್ಡ್ ಮಗ್ಗ ತೂತು ಹೊಡೆದ ಕಾರ್ಡು ನೋಡಿ ಡಿಸೈನ್ ನೇಯ್ತಿತ್ತು, ಚಾರ್ಲ್ಸ್ ಬ್ಯಾಬೇಜ್ ಈಗಿನ ಕಂಪ್ಯೂಟರಿನ ಪೂರ್ವಜ ಅನ್ನಿಸ್ಕೊಂಡಿರೋ ತನ್ನ ಲೆಕ್ಕದ ಯಂತ್ರಕ್ಕೆ ಆ ಕಾರ್ಡಿನ ಐಡಿಯಾನ ಅಲ್ಲಿಂದ್ಲೇ ಎತ್ಕೊಂಡ್ರು. ಹಾಗಾಗಿ ಕಂಪ್ಯೂಟರ್‌ಗೆ ಬಟ್ಟೆ ದೂರದ ನೆಂಟ ಅಲ್ಲ, ಹಿರಿಯ.

ಬಾತ್‌ರೂಮಲ್ಲಿ ಏನು ಟೆಕ್ನಾಲಜಿ ಇದೆ ಗುರೂ, ಒಂದು ಪೈಪ್ ತಾನೇ?

ವಾಶ್‌ಬೇಸಿನ್ ಕೆಳಗೆ ಬಗ್ಗಿ ನೋಡಿ, ಪೈಪ್ ನೇರ ಇಳಿಯೋ ಬದ್ಲು ಕೆಳಗೆ ಹೋಗಿ ಮತ್ತೆ ಮೇಲೆ ಬಂದು ಆಮೇಲೆ ಹೋಗುತ್ತೆ. ಆ ಬಾಗಿನಲ್ಲಿ (ಪ್ಲಂಬರ್‌ಗಳು ಅದನ್ನ ಟ್ರ್ಯಾಪ್ ಅಂತಾರೆ) ಯಾವಾಗ್ಲೂ ಸ್ವಲ್ಪ ನೀರು ನಿಂತಿರುತ್ತೆ, ಚರಂಡಿ ಗ್ಯಾಸು ಮನೆ ಒಳಗೆ ಬರದ ಹಾಗೆ ಬಾಗಿಲು ಹಾಕಿರೋದು ಆ ನೀರೇ. ಪ್ರತಿ ಸಲ ಕೈ ತೊಳೆದಾಗ ಹಳೇ ನೀರು ಹೋಗಿ ಹೊಸ ನೀರು ಕೂರುತ್ತೆ. ಅಲ್ಲಾಡೋ ಭಾಗ ಇಲ್ಲ, ಸ್ಪ್ರಿಂಗ್ ಇಲ್ಲ, ಸವೆಯೋದು ಏನೂ ಇಲ್ಲ. ಅಲೆಕ್ಸಾಂಡರ್ ಕಮಿಂಗ್ ಅನ್ನೋ ಗಡಿಯಾರ ಮಾಡೋರು 1775ರಲ್ಲಿ ಶೌಚಾಲಯದ ಪೈಪಿಗೆ ಎಸ್ ಆಕಾರದ ಈ ಬಾಗು ಕೊಟ್ಟು ಪೇಟೆಂಟ್ ತಗೊಂಡ್ರು. ಇದಕ್ಕೂ ಮುಂಚೆ ಶೌಚಾಲಯಾನ ಮನೆ ಒಳಗೆ ಇಟ್ಕೊಳ್ಳೋದು ಅಂದ್ರೆ ಆ ನಾತಾನೂ ಜೊತೆಗಿಟ್ಕೊಂಡ ಹಾಗೆ.

ನಾನು ಇದನ್ನ ಕಲಿತಿದ್ದು ಓದಿ ಅಲ್ಲ. ಒಂದು ರೂಮಿನ ಬಾತ್‌ರೂಮ್ ತಿಂಗಳುಗಟ್ಲೆ ಬಳಸದೇ ಬಿಟ್ಟಿದ್ದೆ, ತಲೆ ತಿರುಗೋ ವಾಸನೆ, ಫಿನಾಯಿಲ್ ಹಾಕ್ದೆ, ಕಿಟಕಿ ತೆಗೆದಿಟ್ಟೆ, ಕೊನೆಗೆ ನೆಲಾನೇ ಒಡೆಸ್ಬೇಕೇನೋ ಅಂತ ಪ್ಲಂಬರ್‌ನ ಕರೆಸಿದ್ರೆ ಅವರು ಒಳಗೂ ಬರದೇ ಬಾಗಿಲಲ್ಲೇ ನಿಂತು 'ಎರಡು ಮಗ್ ನೀರು ಹುಯ್ಯಿ ಸ್ವಾಮಿ, ಟ್ರ್ಯಾಪ್ ಒಣಗಿದೆ' ಅಂದ್ರು. ಹುಯ್ದೆ. ಸ್ವಲ್ಪ ಹೊತ್ತಿಗೆ ವಾಸನೆ ಹೋಯ್ತು.

ಬೀಜ, ಹಸು, ನಾಯಿ ಇವೆಲ್ಲ ಜೀವ ಇರೋದು, ಇವನ್ನೂ ಟೆಕ್ನಾಲಜಿ ಅನ್ನೋದು ಜಾಸ್ತಿ ಆಯ್ತು ಅನ್ಸಲ್ವಾ?

ಹಸೂನ ಟೆಕ್ನಾಲಜಿ ಅಂತ ಕರೆಯೋಕೆ ನನಗೂ ನಾಲಿಗೆ ಏಳಲ್ಲ. ಆದ್ರೆ ಆರಿಸಿ ಆರಿಸಿ ತಳಿ ಬೆಳೆಸೋ ವಿಧಾನ ಖಂಡಿತ ಟೆಕ್ನಾಲಜಿ. ಮೆಕ್ಕೆಜೋಳಾನೇ ನೋಡಿ. ಅದರ ಮೂಲ ಮೆಕ್ಸಿಕೋದ ಟಿಯೋಸಿಂಟೆ ಅನ್ನೋ ಕಾಡು ಹುಲ್ಲು, ಒಂದು ತೆನೇಲಿ ಹತ್ತು ಹನ್ನೆರಡು ಕಾಳು ಇದ್ರೆ ಹೆಚ್ಚು, ಒಂದೊಂದು ಕಾಳಿಗೂ ಹಲ್ಲು ಮುರಿಯೋ ಚಿಪ್ಪು. ಸುಮಾರು 9,000 ವರ್ಷದ ಹಿಂದೆ ಅಲ್ಲಿನ ಜನ ಒಳ್ಳೇ ತೆನೆ ಎತ್ತಿಟ್ಟು ಮುಂದಿನ ಸಲ ಅದನ್ನೇ ಬಿತ್ತೋದು ಶುರು ಮಾಡಿದ್ರು, ಅದರ ಫಲ ಈಗಿನ ನೂರಾರು ಕಾಳಿನ ತೆನೆ. ಈ ಗಿಡಾನ ಹೊಲದಲ್ಲೇ ಬಿಟ್ಟು ಹೊರಟೋದ್ರೆ ಅದು ತನ್ನ ವಂಶಾನ ತಾನೇ ಉಳಿಸ್ಕೊಳ್ಳಲ್ಲ, ಕಾಳು ಉದುರಲ್ಲ, ಸಿಪ್ಪೆ ಒಳಗೇ ಬಂಧಿ. ಮನುಷ್ಯರ ಕೈ ಇಲ್ದೇ ಬದುಕದ ಗಿಡಾನ ಬರೀ ಪ್ರಕೃತಿ ಅನ್ನೋಕೂ ಆಗಲ್ಲ ಅಲ್ವಾ.

ಔಷಧಿ ಸೈನ್ಸ್ ಅಲ್ವಾ? ಟೆಕ್ನಾಲಜಿ ಯಾಕೆ?

ಎರಡೂ. ಓಆರ್‌ಎಸ್ ತಗೊಳ್ಳಿ, ಭೇದಿ ಆದಾಗ ಕುಡಿಯೋ ಸಕ್ಕರೆ ಉಪ್ಪಿನ ನೀರು. ಕರುಳಲ್ಲಿ ಸೋಡಿಯಂ ಮತ್ತೆ ಗ್ಲೂಕೋಸ್ ಜೊತೆ ಜೊತೆಯಾಗಿ ಒಳಗೆ ಹೋಗ್ತವೆ, ಅವುಗಳ ಹಿಂದೆ ನೀರೂ ಹೋಗುತ್ತೆ, ಭೇದಿ ಜೋರಾಗಿದ್ರೂ ಈ ದಾರಿ ಮುಚ್ಚಿರಲ್ಲ ಅನ್ನೋದು ಸೈನ್ಸು, 1960ರ ಹೊತ್ತಿಗೆ ಗೊತ್ತಾಗಿದ್ದು. ಟೆಕ್ನಾಲಜಿ ಯಾವ್ದು ಅಂದ್ರೆ ಇಷ್ಟು ನೀರಿಗೆ ಇಷ್ಟು ಅಂತ ತೂಕ ಮಾಡಿ ಪೊಟ್ಟಣ ಕಟ್ಟಿ ಅಕ್ಷರ ಬರದವರ ಕೈಯಲ್ಲೂ ತಪ್ಪಾಗದ ಹಾಗೆ ಮಾಡಿದ್ದು. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದವರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತ್ತು, ರಕ್ತನಾಳಕ್ಕೆ ಹಾಕೋ ಸಲೈನ್ ಮುಗೀತಾ ಬಂದಿತ್ತು, ಡಾಕ್ಟರ್ ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಈ ನೀರು ತುಂಬಿಸಿ ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸೋಕೆ ಹೇಳಿದ್ರು. ನೂರಕ್ಕೆ ಮೂವತ್ತರ ಹತ್ರ ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳೀತು.

ಇನ್ನೊಂದು ಸಿಡುಬಿನ ಸೂಜಿ. 1960ರ ದಶಕದಲ್ಲಿ ಬೆಂಜಮಿನ್ ರೂಬಿನ್ ಮಾಡಿದ ಎರಡು ಮೊನೆಯ ಸೂಜಿ ಅದು, ಲಸಿಕೇಲಿ ಅದ್ದಿದ್ರೆ ಎರಡು ಮೊನೆ ಮಧ್ಯೆ ಸರಿಯಾಗಿ ಒಂದು ಡೋಸ್ ಮಾತ್ರ ಸಿಕ್ಕಾಕೊಳ್ಳುತ್ತೆ, ಮೊದಲು ಬೇಕಿದ್ದ ಲಸಿಕೇಲಿ ಕಾಲು ಭಾಗ ಸಾಕು, ಬಳಸೋದು ಸ್ವಲ್ಪ ಹೊತ್ತಲ್ಲೇ ಯಾರು ಬೇಕಾದ್ರೂ ಕಲೀಬಹುದು. 1980ರಲ್ಲಿ ಸಿಡುಬು ಭೂಮಿ ಮೇಲಿಂದ ಹೋಯ್ತು ಅಂತ ಘೋಷಣೆ ಆಯ್ತಲ್ಲ, ಅದರಲ್ಲಿ ಈ ಸೂಜಿ ಪಾಲು ದೊಡ್ಡದು.

## ಸ್ವಲ್ಪ ತಲೆ ಕೆಡಿಸೋವು

ಕೈಯಲ್ಲಿ ಹಿಡಿಯೋಕೆ ಆಗದೇ ಇರೋದು ಟೆಕ್ನಾಲಜಿ ಆಗುತ್ತಾ?

ಆಗುತ್ತೆ, ಮತ್ತೆ ನನ್ನ ಪ್ರಕಾರ ಜನ ಜಾಸ್ತಿ ತಪ್ಪೋದೇ ಇಲ್ಲಿ. 1935ರ ಅಕ್ಟೋಬರ್ 30ಕ್ಕೆ ಅಮೆರಿಕದಲ್ಲಿ ಬೋಯಿಂಗ್ ಮಾಡೆಲ್ 299 ಅನ್ನೋ ಹೊಸ ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೇ ಬಿತ್ತು. ಇಂಜಿನ್ ಕೆಟ್ಟಿರ್ಲಿಲ್ಲ, ರೆಕ್ಕೆ ಮುರಿದಿರ್ಲಿಲ್ಲ, ನಿಂತಿರೋವಾಗ ಗಾಳಿಗೆ ಬಾಲ ಅಲ್ಲಾಡದಿರ್ಲಿ ಅಂತ ಹಾಕಿದ್ದ ಲಾಕನ್ನ ಬಿಡಿಸೋದು ಮರೆತಿದ್ರು. ಅನುಭವಿ ಪೈಲಟ್‌ಗಳೇ. ವಿಮಾನ ಎಷ್ಟು ತೊಡಕಾಗಿತ್ತು ಅಂದ್ರೆ ಎಲ್ಲಾನೂ ನೆನಪಲ್ಲಿ ಇಟ್ಕೊಳ್ಳೋದು ಒಂದು ತಲೆಗೆ ಆಗದ ಕೆಲಸ. ಪರಿಹಾರಕ್ಕೆ ಹೊಸ ಯಂತ್ರ ತರ್ಲಿಲ್ಲ, ಒಂದು ಚೀಟಿ ತಂದ್ರು, ಚೆಕ್‌ಲಿಸ್ಟ್. ಅದೇ ವಿಮಾನ ಮುಂದೆ ಬಿ-17 ಅಂತ ಸಾವಿರಾರು ತಯಾರಾಯ್ತು. ಆಪರೇಷನ್ ಥಿಯೇಟರಿಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಇಂಥದ್ದೇ 19 ಅಂಶದ ಪಟ್ಟಿ ಮಾಡ್ತು, ಎಂಟು ಊರಿನ ಎಂಟು ಆಸ್ಪತ್ರೇಲಿ ಪರೀಕ್ಷೆ ಮಾಡಿದಾಗ ಆಪರೇಷನ್ ಆದವರ ಸಾವು ಶೇಕಡಾ 1.5ರಿಂದ 0.8ಕ್ಕೆ ಇಳೀತು.

ಸೊನ್ನೆ ಸೇರಿದ ಸ್ಥಾನಬೆಲೆಯ ಅಂಕಿಗಳೂ ಹೀಗೇ. ರೋಮನ್ ಅಂಕಿ ಬರ್ಕೊಂಡು ಕಾಗದದ ಮೇಲೆ ಒಂದು ಗುಣಾಕಾರ ಮಾಡಿ ನೋಡಿ, ಗೊತ್ತಾಗುತ್ತೆ. ವ್ಯಾಪಾರದ ಜಮಾ ಖರ್ಚನ್ನ ಎರಡು ಕಡೆ ಬರೆಯೋ ಪದ್ಧತೀನೂ ಅಷ್ಟೇ, 1494ರಲ್ಲಿ ಲೂಕಾ ಪಾಚೋಲಿ ಅಚ್ಚು ಹಾಕಿಸಿದ್ರು, ಅದಕ್ಕೂ ಮುಂಚೇನೇ ಇಟಲಿ ವ್ಯಾಪಾರಿಗಳು ಬಳಸ್ತಿದ್ರು. ಎರಡು ಕಡೆ ಮೊತ್ತ ತಾಳೆ ಆಗ್ಲಿಲ್ಲ ಅಂದ್ರೆ ಎಲ್ಲೋ ತಪ್ಪಿದೆ ಅಂತ ಪುಸ್ತಕಾನೇ ಕೂಗಿ ಹೇಳುತ್ತೆ.

ಭಾಷೆ ಟೆಕ್ನಾಲಜಿನಾ?

ಮಾತು ಅಲ್ಲ ಅನ್ಸುತ್ತೆ ನನಗೆ, ಮಕ್ಕಳು ಯಾರೂ ಪಾಠ ಹೇಳದೇ ಕಲೀತಾರೆ. ಬರವಣಿಗೆ ಹೌದು, ಕೂತು ಕಲೀಲೇಬೇಕು. 5,000 ವರ್ಷಕ್ಕೂ ಹಿಂದೆ ಮೆಸಪೊಟೇಮಿಯಾದ ಉರುಕ್‌ನಲ್ಲಿ ಹಸಿಮಣ್ಣಿನ ಹಲಗೆ ಮೇಲೆ ಶುರುವಾದಾಗ ಅದರಲ್ಲಿ ಇದ್ದದ್ದು ಹೆಚ್ಚಾಗಿ ಧಾನ್ಯ, ಕುರಿ, ಕೂಲಿ ಲೆಕ್ಕ. ಕಾವ್ಯ ಆಮೇಲೆ ಬಂತು.

ಪ್ರಾಣಿಗಳೂ ಉಪಕರಣ ಬಳಸ್ತವಲ್ಲ, ಅವಕ್ಕೂ ಟೆಕ್ನಾಲಜಿ ಇದೆ ಅನ್ಬಹುದಾ?

1960ರಲ್ಲಿ ಆಫ್ರಿಕಾದ 'ಗೊಂಬೆ' ಅನ್ನೋ ಹೆಸರಿನ ಕಾಡಲ್ಲಿ ಚಿಂಪಾಂಜಿಗಳನ್ನ ಅಧ್ಯಯನ ಮಾಡ್ತಿದ್ದ ಜೇನ್ ಗುಡಾಲ್ ಅವರು ಚಿಂಪಾಂಜಿ ಕಡ್ಡಿ ಎಲೆ ಸವರಿ ಗೆದ್ದಲು ಹುತ್ತದೊಳಗೆ ಇಳಿಬಿಟ್ಟು ಹುಳ ಎತ್ತಿ ತಿನ್ನೋದು ನೋಡಿದ್ರು. ನ್ಯೂ ಕ್ಯಾಲಡೋನಿಯಾದ ಕಾಗೆಗಳು ಕಡ್ಡಿಗೆ ಕೊಕ್ಕೆನೇ ಮಾಡ್ಕೊಳ್ತವೆ. ಮರಿಗಳು ದೊಡ್ಡವನ್ನ ನೋಡಿ ಕಲಿಯೋದೂ ಇದೆ. ಹಾಗಾಗಿ ಇಲ್ಲ ಅನ್ನೋಕೆ ನನಗೆ ಧೈರ್ಯ ಇಲ್ಲ. ಜೇಡರ ಬಲೆ ಮಾತ್ರ ಬೇರೆ, ಅದು ಹುಟ್ಟಿನಿಂದ್ಲೇ ಬಂದ ಗುಣ. ನಮ್ಮಲ್ಲಿ ಏನು ಬೇರೆ ಅಂದ್ರೆ ಒಂದು ತಲೆಮಾರು ಬಿಟ್ಟಲ್ಲಿಂದ ಇನ್ನೊಂದು ಶುರು ಮಾಡೋದು, ಚಿಂಪಾಂಜಿ ಕಡ್ಡಿ ಇನ್ನೂ ಕಡ್ಡಿಯಾಗೇ ಇದೆ.

ಮೊದಲು ಸೈನ್ಸ್ ಬಂದು ಆಮೇಲೆ ಅದನ್ನ ಅಪ್ಲೈ ಮಾಡಿದ್ರೆ ಟೆಕ್ನಾಲಜಿ ಅಂತ ಸ್ಕೂಲಲ್ಲಿ ಹೇಳಿದ್ರು, ಸರೀನಾ?

ಅರ್ಧ ಸರಿ. ರೇಡಿಯೋದಲ್ಲಿ ಹಾಗೇ ಆಯ್ತು, 1860ರ ದಶಕದಲ್ಲಿ ಮ್ಯಾಕ್ಸ್‌ವೆಲ್ ಸಮೀಕರಣ ಬರೆದ್ರು, 1880ರ ದಶಕದ ಕೊನೇಲಿ ಹರ್ಟ್ಸ್ ಅಲೆ ಇರೋದನ್ನ ತೋರಿಸಿದ್ರು, ರೇಡಿಯೋ ಆಮೇಲೆ. ಆದ್ರೆ ಉಲ್ಟಾ ಉದಾಹರಣೆಗಳಿಗೆ ಲೆಕ್ಕ ಇಲ್ಲ. ನ್ಯೂಕಾಮೆನ್‌ನ ಸ್ಟೀಮ್ ಇಂಜಿನ್ 1712ರಿಂದ ಗಣಿಯ ನೀರು ಎತ್ತುತ್ತಿತ್ತು, ಶಾಖದಿಂದ ಎಷ್ಟು ಕೆಲಸ ತೆಗೀಬಹುದು ಅಂತ ಸಾಡಿ ಕಾರ್ನೋ ಸಿದ್ಧಾಂತ ಬರೆದಿದ್ದು 1824ರಲ್ಲಿ. ಯಂತ್ರ ಓಡ್ತಿತ್ತು, ಅದು ಯಾಕೆ ಓಡುತ್ತೆ ಅನ್ನೋದನ್ನ ಕೇಳ್ತಾ ಕೇಳ್ತಾ ಥರ್ಮೋಡೈನಮಿಕ್ಸ್ ಅನ್ನೋ ಶಾಖದ ವಿಜ್ಞಾನ ಹುಟ್ತು.

ನಿಕೊಲಾ ಅಪೆರ್ ಕಥೆ ನನಗೆ ಇನ್ನೂ ಇಷ್ಟ. ಗಾಜಿನ ಬಾಟಲೀಲಿ ಆಹಾರ ಹಾಕಿ ಬಿಗಿಯಾಗಿ ಬಿರಡೆ ಜಡಿದು ಕುದಿಯೋ ನೀರಲ್ಲಿ ಇಟ್ರೆ ಕೆಡಲ್ಲ ಅಂತ ತೋರಿಸಿ 1810ರಲ್ಲಿ ಫ್ರೆಂಚ್ ಸರ್ಕಾರದಿಂದ 12,000 ಫ್ರಾಂಕ್ ಬಹುಮಾನ ಪಡೆದ್ರು. ಯಾಕೆ ಕೆಡಲ್ಲ ಅಂತ ಅವರಿಗೂ ಗೊತ್ತಿರ್ಲಿಲ್ಲ, ಆಹಾರ ಕೆಡಿಸೋದು ಸೂಕ್ಷ್ಮಜೀವಿಗಳು ಅಂತ ಪಾಶ್ಚರ್ ತೋರಿಸೋಕೆ ಇನ್ನೂ ಐವತ್ತು ವರ್ಷ ಬೇಕಾಯ್ತು. (ತಗಡಿನ ಡಬ್ಬಿಗೂ ಪೇಟೆಂಟ್ ಸಿಕ್ಕಿದ್ದು 1810ರಲ್ಲೇ, ಡಬ್ಬಿ ತೆಗೆಯೋ ಓಪನರ್ ಬಂದಿದ್ದು 1850ರ ದಶಕದಲ್ಲಿ, ಅಲ್ಲಿವರೆಗೂ ಉಳಿ ಸುತ್ತಿಗೇನೇ ಗತಿ.)

ಕುಶಲಕರ್ಮಿಗಳ ಕೈಚಳಕ ಬೇರೆ, ಟೆಕ್ನಾಲಜಿ ಬೇರೆ ಅಲ್ವಾ?

ಗಡಿ ಇದೆ, ಆದ್ರೆ ಗೋಡೆ ಇಲ್ಲ. ಬರೆದಿಟ್ರೆ ಇನ್ನೊಬ್ಬರು ಮಾಡೋ ಹಾಗಿರೋದು ಒಂದು ಕಡೆ, ಹತ್ತು ವರ್ಷ ಪಕ್ಕದಲ್ಲಿ ಕೂತು ನೋಡಿದ್ರೆ ಮಾತ್ರ ಬರೋದು ಇನ್ನೊಂದು ಕಡೆ. ಎರಡನೇದು ಕಮ್ಮಿ ಏನಲ್ಲ, ಆದ್ರೆ ಕಳೆದೋಗೋ ಅಪಾಯ ಜಾಸ್ತಿ. ದಕ್ಷಿಣ ಭಾರತದ ಮೂಸೆ ಉಕ್ಕನ್ನ ನೋಡಿ. ಕಬ್ಬಿಣಾನ ಸೌದೆ, ಎಲೆ ಜೊತೆ ಮಣ್ಣಿನ ಮೂಸೇಲಿ ಮುಚ್ಚಿ ಕುಲುಮೇಲಿ ಕಾಯಿಸಿ ಮಾಡ್ತಿದ್ದ ಆ ಉಕ್ಕಿನ ಗಟ್ಟಿಗಳು ಪಶ್ಚಿಮ ಏಷ್ಯಾ ತನಕ ಹೋಗಿ ಕತ್ತಿಗಳಾಗ್ತಿದ್ವು, ಇಂಗ್ಲಿಷರು ಅದಕ್ಕೆ ಕೊಟ್ಟ 'ವೂಟ್ಜ್' ಅನ್ನೋ ಹೆಸರು ನಮ್ಮ 'ಉಕ್ಕು' ಪದದಿಂದ್ಲೇ ಬಂದಿದ್ದು ಅಂತ ವಿದ್ವಾಂಸರ ಊಹೆ. ಮೈಕೆಲ್ ಫ್ಯಾರಡೆ ಕೂಡ ಅದನ್ನ ನಕಲು ಮಾಡೋಕೆ ಹೊರಟಿದ್ರು, ಕರೆಂಟಿನ ಕೆಲಸದಿಂದ ಹೆಸರು ಮಾಡೋಕೆ ಮುಂಚೆ. ಹತ್ತೊಂಬತ್ತನೇ ಶತಮಾನ ಮುಗಿಯೋ ಹೊತ್ತಿಗೆ ಆ ಕಸುಬೇ ನಿಂತೋಯ್ತು. ಕತ್ತಿ ಮೇಲೆ ಬರೋ ನೀರಿನ ಅಲೆ ಥರದ ಗೆರೆಗಳು ಅದಿರಲ್ಲಿದ್ದ ವೆನೇಡಿಯಂ ಅನ್ನೋ ಲೋಹದಂಥ ಕಲಬೆರಕೆಯಿಂದ ಅಂತ ವಿಜ್ಞಾನಿಗಳು ಕಂಡುಕೊಂಡಿದ್ದು 1990ರ ದಶಕದಲ್ಲಿ. ವೆನೇಡಿಯಂ ಅನ್ನೋ ಹೆಸರೇ ಕೇಳದ ಜನ ಅದನ್ನ ಮಾಡ್ತಿದ್ರು ಅನ್ನೋದು ನೆನಪಿರ್ಲಿ.

ಒಂದು ಖಾಲಿ ಡಬ್ಬಿ ಪ್ರಪಂಚ ಬದಲಾಯಿಸ್ತು ಅಂತಾರೆ, ಅದೇನು?

ಶಿಪ್ಪಿಂಗ್ ಕಂಟೈನರ್. 1956ರ ಏಪ್ರಿಲ್ 26ಕ್ಕೆ ಮಾಲ್ಕಮ್ ಮೆಕ್ಲೀನ್ ಅನ್ನೋ ಲಾರಿ ಮಾಲೀಕರು 'ಐಡಿಯಲ್ ಎಕ್ಸ್' ಹಡಗಲ್ಲಿ 58 ಡಬ್ಬಿ ಹಾಕಿ ನ್ಯೂಅರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ್ರು. ಡಬ್ಬೀಲಿ ಏನೂ ವಿಶೇಷ ಇಲ್ಲ, ವಿಶೇಷ ಇರೋದು ಅದರ ಎಂಟು ಮೂಲೇಲಿರೋ ಉಕ್ಕಿನ ತೂತುಗಳಲ್ಲಿ. ಆ ತೂತು ಎಲ್ಲಾ ದೇಶದಲ್ಲೂ ಒಂದೇ ಅಳತೆ, ಒಂದೇ ಜಾಗ, ಹಾಗಾಗಿ ಯಾವ ಕ್ರೇನಿನ ಕೊಕ್ಕೆ ಆದ್ರೂ, ಯಾವ ಲಾರಿ ಲಾಕಾದ್ರೂ ಅದಕ್ಕೆ ಸರಿಯಾಗಿ ಕೂರುತ್ತೆ. ಮೂಲೆಯ ಆ ತೂತಿನ ಪೇಟೆಂಟನ್ನ ಮೆಕ್ಲೀನ್ ಎಲ್ಲರಿಗೂ ಪುಕ್ಕಟೆ ಬಿಟ್ಕೊಟ್ರು, 1960ರ ದಶಕದಲ್ಲಿ ಅಂತರರಾಷ್ಟ್ರೀಯ ಅಳತೆ ನಿಗದಿ ಆಯ್ತು. 1841ರಲ್ಲಿ ಜೋಸೆಫ್ ವಿಟ್‌ವರ್ತ್ ತಿರುಪಿನ ಮೈಮೇಲಿನ ಸುರುಳಿ ಗೆರೆಗಳಿಗೆ ಒಂದೇ ಅಳತೆ ಇರ್ಲಿ ಅಂದಿದ್ದೂ ಇಂಥದ್ದೇ ಕೆಲಸ, ಅದಕ್ಕೂ ಮುಂಚೆ ಒಂದು ಕಾರ್ಖಾನೆ ಬೋಲ್ಟಿಗೆ ಇನ್ನೊಂದರ ನಟ್ಟು ಕೂರ್ತಿರ್ಲಿಲ್ಲ. ವಸ್ತು ಕಂಡುಹಿಡಿದವರಿಗೆ ಸಿಗೋ ಹೆಸರು ಅಳತೆ ಒಪ್ಪಿಸಿದವರಿಗೆ ಯಾಕೆ ಸಿಗಲ್ವೋ.

ಟೆಕ್ನಾಲಜಿ ವಿರೋಧಿಸೋರನ್ನ ಲುಡೈಟ್ ಅಂತಾರಲ್ಲ, ಅವರು ಮೂಢರಾ?

ಬೈಗುಳ ಆಗೋಗಿದೆ ಪಾಪ. 1811ರಿಂದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕಡೆ ಕಾಲುಚೀಲ ಹೆಣೆಯೋ ಯಂತ್ರ ಒಡೆದವರು ಆ ಯಂತ್ರದಲ್ಲೇ ದುಡಿದು ಬದುಕ್ತಿದ್ದ ಕಸುಬಿನವರು. ಆ ಯಂತ್ರ 1589ರದ್ದು, ಅಂದ್ರೆ ಆಗ್ಲೇ ಇನ್ನೂರು ವರ್ಷ ದಾಟಿತ್ತು, ಅದು ಅವರಿಗೆ ಹೊಸದೂ ಅಲ್ಲ ಹೆದರಿಕೇನೂ ಅಲ್ಲ. ಅವರ ತಕರಾರು ಕಸುಬು ಕಲೀದವರನ್ನ ಕೂರಿಸಿ, ಕೂಲಿ ಕಡಿದು, ಹೊಲಿಗೆ ಬಿಟ್ಟೋಗೋ ಕಳಪೆ ಮಾಲು ಮಾಡ್ತಿದ್ದ ಮಾಲೀಕರ ಮೇಲೆ. 1812ರಲ್ಲಿ ಸರ್ಕಾರ ಯಂತ್ರ ಒಡೆಯೋದಕ್ಕೆ ಗಲ್ಲು ಶಿಕ್ಷೆ ಅಂತ ಕಾನೂನೇ ತಂತು. ಟೆಕ್ನಾಲಜಿ ಒಳ್ಳೇದಾ ಕೆಟ್ಟದ್ದಾ ಅಂತ ಯಾರಾದ್ರೂ ಕೇಳಿದ್ರೆ ನಾನು ವಾಪಸ್ ಕೇಳೋದು ಯಂತ್ರ ಯಾರ ಕೈಯಲ್ಲಿದೆ, ಲಾಭ ಯಾರ ಜೇಬಿಗೆ ಅಂತ.

ಎಲ್ಲಾನೂ ಟೆಕ್ನಾಲಜಿ ಅಂದ್ಬಿಟ್ರೆ ಆ ಪದಕ್ಕೆ ಅರ್ಥಾನೇ ಉಳಿಯಲ್ವಲ್ಲ?

ಒಳ್ಳೇ ಪ್ರಶ್ನೆ, ಇದನ್ನ ಕೇಳಿದವರು ಒಬ್ಬ ಹೈಸ್ಕೂಲ್ ಹುಡುಗಿ. ಎಲ್ಲಾನೂ ಅಲ್ಲ. ನದಿ ಅಲ್ಲ, ನದಿಗೆ ಹಾಕಿದ ಕಟ್ಟೆ ಹೌದು. ಗುರುತ್ವಾಕರ್ಷಣೆ ಅಲ್ಲ, ಲೋಲಕದ ಗಡಿಯಾರ ಹೌದು. ಸ್ನೇಹ ಅಲ್ಲ. ಸಂಗೀತ ಅಲ್ಲ, ಆದ್ರೆ ತಂತಿ ಬಿಗಿ ಮಾಡೋ ಬಿರಡೆ ಹೌದು, ಸ್ವರಲಿಪೀನೂ ಹೌದು. ಒಂದ್ಸಲ ಮಾತ್ರ ಅದೃಷ್ಟದಿಂದ ಆಗಿ ಮತ್ತೆ ಮಾಡೋಕೆ ಬರದೇ ಇರೋದು ಅಲ್ಲ. ಇನ್ನು ಕಾನೂನು, ಹಣ, ಮದುವೆ ಇವೆಲ್ಲ ಟೆಕ್ನಾಲಜಿನಾ ಅಂತ ವಾದ ಮಾಡೋರಿದಾರೆ, ನನಗೆ ಅದು ಎಳೆದಾಡಿದ ಹಾಗೆ ಅನ್ಸುತ್ತೆ, ನಾಣ್ಯ ಟಂಕಿಸೋದು ಟೆಕ್ನಾಲಜಿ, ಅದರ ಮೇಲಿನ ನಂಬಿಕೆ ಬೇರೆ ವಿಷಯ.

ಕಂಪ್ಯೂಟರ್ ಬಿಟ್ಟು ಬೇರೆ ಟೆಕ್ನಾಲಜೀಲಿ ಈಗ ಹೊಸದೇನಾದ್ರೂ ಬರ್ತಿದ್ಯಾ, ಎಲ್ಲಾ ಮುಗೀತಾ?

ಬರ್ತಾನೇ ಇದೆ, ಸುದ್ದಿ ಆಗಲ್ಲ ಅಷ್ಟೇ. ಮರದ ಹಲಗೆಗಳನ್ನ ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿ ಮಾಡೋ ದಪ್ಪ ಫಲಕ 1990ರ ದಶಕದಲ್ಲಿ ಆಸ್ಟ್ರಿಯಾ ಕಡೆ ಬೆಳೀತು, ಈಗ ಅದರಲ್ಲಿ ಹತ್ತಾರು ಮಹಡಿ ಕಟ್ತಾರೆ. ಸೊಳ್ಳೆಪರದೆ ನೋಡಿ, ಹಳೇದೇ ವಸ್ತು, ಮೊದಲು ಔಷಧಿ ನೀರಲ್ಲಿ ಅದ್ದಿ ಅದ್ದಿ ಇಡಬೇಕಿತ್ತು, ಆಮೇಲೆ ಔಷಧೀನ ನೂಲಿನ ಒಳಗೇ ಸೇರಿಸೋದು, ಇಲ್ಲ ಮೇಲೆ ಗಟ್ಟಿಯಾಗಿ ಅಂಟಿಸೋದು ಕಂಡ್ಕೊಂಡ್ರು, ಒಗೆದ್ರೂ ವರ್ಷಗಟ್ಲೆ ಹೋಗಲ್ಲ. ಆಫ್ರಿಕಾದಲ್ಲಿ 2000ದಿಂದ 2015ರವರೆಗೆ ಸುಮಾರು 66 ಕೋಟಿ ಮಲೇರಿಯಾ ಕೇಸು ತಪ್ಪಿದ್ವು ಅಂತ 2015ರ ಒಂದು ಅಧ್ಯಯನದ ಅಂದಾಜು, ಅದರಲ್ಲಿ ಮೂರರಲ್ಲಿ ಎರಡು ಪಾಲು ಔಷಧಿ ಪರದೆಯಿಂದ್ಲೇ.

ನನ್ನ ಮಗಳಿಗೆ ಸ್ಕೂಲಲ್ಲಿ ಟೆಕ್ನಾಲಜಿ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದಾರೆ, ರೋಬೋಟ್ ಬಿಟ್ಟು ಏನು ಮಾಡ್ಬಹುದು?

ಅವಳ ಬ್ಯಾಗಿನ ಜಿಪ್ ಸಾಕು. ಹಳೇ ಜಿಪ್ ಒಂದು ಕಿತ್ಕೊಂಡು ಭೂತಗನ್ನಡೀಲಿ ಒಂದೊಂದು ಹಲ್ಲನ್ನೂ ನೋಡಿಸಿ, ಒಂದು ಕಡೆ ಉಬ್ಬು, ಇನ್ನೊಂದು ಕಡೆ ಗುಳಿ ಇರುತ್ತೆ, ಒಂದರ ಉಬ್ಬು ಎದುರಿನದ್ದರ ಗುಳೀಲಿ ಕೂರುತ್ತೆ. ಎಳೆಯೋ ಸ್ಲೈಡರ್ ಒಳಗೆ ವೈ ಆಕಾರದ ದಾರಿ ಇದೆ, ಮೇಲಕ್ಕೆ ಎಳೆದಾಗ ಎರಡು ಸಾಲನ್ನ ಒಂದು ಕೋನದಲ್ಲಿ ಬಗ್ಗಿಸಿ ಸೇರಿಸುತ್ತೆ, ಕೆಳಗೆ ಎಳೆದಾಗ ಮಧ್ಯದ ಬೆಣೆ ಬಿಡಿಸುತ್ತೆ. ಗಿಡಿಯನ್ ಸುಂಡ್‌ಬ್ಯಾಕ್ 1913ರಲ್ಲಿ ಇದನ್ನ ಸರಿಯಾಗಿ ಕೂರೋ ಹಾಗೆ ಮಾಡಿದ್ರು, ಅದಕ್ಕೂ ಹಿಂದಿನವು ಎಲ್ಲೆಂದರಲ್ಲಿ ಬಿಚ್ಕೊಂಡು ಮಾನ ಕಳೀತಿದ್ವು. ಹಲ್ಲನ್ನ ರಟ್ಟಲ್ಲಿ ಒಂದೊಂದು ಅಂಗೈ ಅಗಲ ಕತ್ತರಿಸಿ ದೊಡ್ಡ ಜಿಪ್ ಮಾಡೋಕೆ ಹೇಳಿ. ಹಲ್ಲಿನ ಮಧ್ಯದ ಅಂತರ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಸಿಕ್ಕಾಕೊಳ್ಳುತ್ತೆ, ಮೂರು ನಾಲ್ಕು ಸಲ ರಟ್ಟು ಹಾಳಾಗುತ್ತೆ, ರಟ್ಟು ಜಾಸ್ತೀನೇ ತಂದಿಡಿ.